ದ್ವೀಪದ ಎಲೆಗೆ ನಮ್ಮ ಚೇಗು

ಬೇ ರಮ್ ಎಂದರೆ ಗ್ಲಾಸಿಗೆ ಹಾಕುವ ಸರಕಲ್ಲ, ಗಡ್ಡ ಹೆರೆದ ಮೇಲೆ ಕೆನ್ನೆಗೆ ಬಡಿದುಕೊಳ್ಳುವ ಕಲೋನ್. (ಅಮೆರಿಕದಲ್ಲಿ ಪಾನನಿಷೇಧವಿದ್ದಾಗ ಅದನ್ನೂ ಬಿಡದೆ ಕುಡಿದವರಿದ್ದರು, ಆ ಮಾತು ಬೇರೆ.) ಕೆರಿಬಿಯನ್ ದ್ವೀಪಗಳಲ್ಲಿ ಬೆಳೆಯುವ ಪಿಮೆಂಟಾ ರೆಸಿಮೋಸಾ ಮರದ ಎಲೆಯನ್ನು ರಮ್ಮಿನ ಜೊತೆ ಭಟ್ಟಿ ಇಳಿಸಿ ಇದನ್ನು ಮಾಡುತ್ತಿದ್ದರು. 1838ರಲ್ಲಿ ಸೇಂಟ್ ಥಾಮಸ್ ದ್ವೀಪಕ್ಕೆ ಬಂದ ಡೆನ್ಮಾರ್ಕಿನ ಔಷಧಿ ವ್ಯಾಪಾರಿ ಎ. ಎಚ್. ರೀಸೆ, ಆಮೇಲೆ ಅದನ್ನು ಸೀಸೆಗೆ ತುಂಬಿ ಹೆಸರು ಮಾಡಿದ.

ಆ ಘಾಟು ನಮಗೇನೂ ಹೊಸದಲ್ಲ. ಎಲೆಯ ಎಣ್ಣೆಯಲ್ಲಿ ಮುಖ್ಯವಾಗಿ ಇರುವುದು ಯುಜಿನಾಲ್, ಅಂದರೆ ಹಲ್ಲುನೋವಿಗೆ ಇಡುವ ಲವಂಗದೆಣ್ಣೆಯ ಸತ್ವವೇ. ಮರವೂ ಲವಂಗ, ನೇರಳೆ, ಸೀಬೆಗಳ ಕುಟುಂಬದ್ದು. 1938ರಲ್ಲಿ ಗಂಡಸರಿಗೆಂದು ಬಂದ ಓಲ್ಡ್ ಸ್ಪೈಸ್‌ನ ಬಿಳಿ ಸೀಸೆ ನಮ್ಮ ಎಷ್ಟೋ ಅಪ್ಪಂದಿರ ಕನ್ನಡಿಯ ಮುಂದೆ ಇತ್ತಲ್ಲ, ಅದೂ ಈ ವಾಸನೆಯ ದೂರದ ನೆಂಟ.

ಬೇ ರಮ್ಮಿನ ದೋಷ ಒಂದೇ: ನಿಲ್ಲುವುದಿಲ್ಲ. ದೀಪಾಂಜಲಿ ನಗರದಲ್ಲಿ ಹಚ್ಚಿಕೊಂಡು, ಮೈಸೂರು ರಸ್ತೆಯ ಹೊಗೆ ಕುಡಿದು, ಮೆಟ್ರೊ ಹತ್ತಿ ಮೆಜೆಸ್ಟಿಕ್ ಮುಟ್ಟುವಷ್ಟರಲ್ಲಿ ಅದರ ಜೋರೆಲ್ಲ ಇಳಿದಿರುತ್ತದೆ. ಹಾಗಾಗಿ ಈಗಿನ ತಯಾರಕರು ಅಡಿಗೆ ಮರದ ವಾಸನೆ ಸೇರಿಸುತ್ತಾರೆ. ಕೆಲವರು ಸೀಡರ್ ಹಾಕುತ್ತಾರೆ. ನನಗೆ ಅದು ಪೆನ್ಸಿಲ್ ಹೆರೆದ ವಾಸನೆ. ಲಾವಂಚ ಪರವಾಗಿಲ್ಲ, ಆದರೆ ಲವಂಗದ ಪಕ್ಕದಲ್ಲಿ ತುಸು ಕಹಿ. ಶ್ರೀಗಂಧವೇ ಸರಿ.

ಅದಕ್ಕೆ ದೂರ ಹೋಗಬೇಕಿಲ್ಲ. ಅದೇ ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿದರೆ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಎಂಬ ನಿಲ್ದಾಣವೇ ಇದೆ. ಮೊದಲ ಮಹಾಯುದ್ಧ ಶುರುವಾಗಿ ಯೂರೋಪಿಗೆ ಗಂಧದ ಕೊರಡು ಹೋಗುವುದು ನಿಂತಾಗ, ಮೈಸೂರು ಸಂಸ್ಥಾನದಲ್ಲಿ ಮಾಲು ರಾಶಿ ಬಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನ್ ವಿಶ್ವೇಶ್ವರಯ್ಯನವರ ಕಾಲದ ಆ ಪೇಚಿನಿಂದಲೇ 1916ರಲ್ಲಿ ಬೆಂಗಳೂರಿನಲ್ಲಿ ಎಣ್ಣೆ ತೆಗೆಯುವುದು ಶುರುವಾಯಿತು. ಸೋಪು ಬಂದದ್ದು ಆಮೇಲೆ. ಕೊರಡು ಕಳಿಸುತ್ತಿದ್ದ ಊರು ಎಣ್ಣೆ ಕಳಿಸುವ ಊರಾಯಿತು.

ಗಂಧದ ಮರದಲ್ಲಿ ವಾಸನೆ ಇರುವುದು ಚೇಗಿನಲ್ಲಿ; ಸುತ್ತಲಿನ ಬಿಳಿ ಭಾಗ ಬರೀ ಸೌದೆ. ಬೇರಿನಲ್ಲಿ ಎಣ್ಣೆ ಹೆಚ್ಚು, ಅದಕ್ಕೇ ಮರವನ್ನು ಬುಡಕ್ಕೆ ಕಡಿಯದೆ ಬೇರುಸಹಿತ ಕೀಳುವುದು. ಪುಡಿ ಮಾಡಿ ಹಬೆಯಲ್ಲಿ ಇಳಿಸಿದ ಎಣ್ಣೆ ಮಂದವಾಗಿ, ತಿಳಿ ಹಳದಿ ಬಣ್ಣದಲ್ಲಿರುತ್ತದೆ. ಸೀಸೆಗೆ ಮೂಗಿಟ್ಟರೆ ಹೆಚ್ಚೇನೂ ತಿಳಿಯದು. ಮೈ ಬಿಸಿಗೆ ನಿಧಾನ ಬಿಚ್ಚಿಕೊಳ್ಳುತ್ತದೆ, ಮೊದಲು ತುಸು ಒಗರು, ಆಮೇಲೆ ಕೆನೆ ಹಾಲಿನ ನುಣುಪು. ಬೇಗ ಆವಿಯಾಗದ ಕಾರಣ ಜೊತೆಯಲ್ಲಿದ್ದ ಪರಿಮಳವನ್ನೂ ಹಿಡಿದಿಡುತ್ತದೆ. ಕನೌಜಿನವರು ಹೂವಿನ ಅತ್ತರನ್ನು ಗಂಧದೆಣ್ಣೆಗೇ ಇಳಿಸುತ್ತಿದ್ದುದು ಈ ಗುಣಕ್ಕಾಗಿ.

ಸೀಸೆಯ ಮೇಲೆ ‘ಸ್ಯಾಂಡಲ್‌ವುಡ್’ ಎಂದು ಬರೆದದ್ದೆಲ್ಲ ಮರದಿಂದ ಬಂದದ್ದಲ್ಲ. ಪ್ರಯೋಗಾಲಯದ ಗಂಧವೇ ಬಹಳ. ಅಂಗಡಿಯಲ್ಲಿ ಕಾಗದದ ಪಟ್ಟಿಗೆ ಹಾಕಿಸಿಕೊಂಡು ಜೇಬಿನಲ್ಲಿಟ್ಟು, ಊಟ ಮುಗಿಸಿ ಮೂಸಿ ನೋಡಿ. ಆಗಲೂ ಒಂದೇ ಸಮ ಕಿರುಚುತ್ತಿದ್ದರೆ ನಾನಂತೂ ಕೊಳ್ಳುವುದಿಲ್ಲ. ಅಪ್ಪಟ ಎಣ್ಣೆಯ ಸಣ್ಣ ಸೀಸೆ ಮನೆಯಲ್ಲಿದ್ದರೆ ಕಿವಿಯ ಹಿಂದೆ ಅರ್ಧ ಹನಿ ಸವರಿ, ಕೆನ್ನೆಗೆ ಸಾದಾ ಬೇ ರಮ್ ಹಾಕಿಕೊಳ್ಳಿ. ಎಣ್ಣೆ ಬಿಳಿ ಅಂಗಿಯ ಕಾಲರಿಗೆ ತಾಗದಿರಲಿ. ಯುಜಿನಾಲ್ ಕೆಲವರ ಚರ್ಮಕ್ಕೆ ಆಗುವುದಿಲ್ಲ. ಮೊದಲ ದಿನ ಮೊಣಕೈಯ ಒಳಬದಿಗೆ ಹಚ್ಚಿ ನೋಡುವುದು ಒಳ್ಳೆಯದು.