ಪಾಪವನ್ನು ಉಂಡು ಬದುಕುವವರು

ಹೀಬ್ರೂ ಪ್ರವಾದಿಗಳು ಯಾಜಕರ ಮೇಲೆ ಹರಿಹಾಯ್ದದ್ದನ್ನು ಯಜ್ಞಬಲಿಗಳ ವಿರುದ್ಧದ ಬಂಡಾಯವೆಂದೇ ಓದುವವರು ಬಹಳ. ನನಗೆ ಅದು ಅವಸರದ ಓದು ಅನ್ನಿಸುತ್ತದೆ. ಅವರ ಸಿಟ್ಟು ಆಚರಣೆಯ ಮೇಲಲ್ಲ, ಯಾಜಕನ ಅನ್ನ ಎಲ್ಲಿಂದ ಬರುತ್ತದೆ ಎಂಬುದರ ಮೇಲೆ. ಕ್ರಿ.ಪೂ. 8ನೇ ಶತಮಾನದ ಹೋಶೇಯ ತನ್ನ ನಾಲ್ಕನೇ ಅಧ್ಯಾಯದಲ್ಲಿ, ಯಾಜಕರು ಜನರ ಪಾಪವನ್ನೇ ಉಣ್ಣುತ್ತಾರೆ ಎನ್ನುತ್ತಾನೆ. ಹೀಬ್ರೂವಿನ ‘ಹತ್ತಾತ್’ ಎಂಬ ಪದಕ್ಕೆ ಪಾಪವೆಂದೂ ಅರ್ಥ, ಪಾಪ ಕಳೆಯಲು ಕೊಡುವ ಬಲಿಯೆಂದೂ ಅರ್ಥ. ಆ ಬಲಿಯ ಮಾಂಸ ಅದನ್ನು ಅರ್ಪಿಸಿದ ಯಾಜಕನಿಗೆ ಸಲ್ಲಬೇಕೆಂದು ಯಾಜಕಕಾಂಡವೇ ವಿಧಿಸುತ್ತದೆ. ಶಿಲೋವಿನಲ್ಲಿ ಯಾಜಕನಾಗಿದ್ದ ಏಲಿಯ ಮಕ್ಕಳ ಆಳು ಮೂರು ಮುಳ್ಳಿನ ಕೊಂಡಿಯನ್ನು ಬೇಯುವ ಹಂಡೆಗೆ ಚುಚ್ಚಿ, ಬಂದಷ್ಟು ಮಾಂಸ ಎತ್ತಿಕೊಳ್ಳುತ್ತಿದ್ದ. ಅದು ಬರಿಯ ದೋಚುವಿಕೆ, ಯಾರ ಕಣ್ಣಿಗೂ ಬೀಳುವಂಥದ್ದು. ಹೋಶೇಯ ಕಂಡದ್ದು ಅದಕ್ಕಿಂತ ಆಳದ ಕೇಡು. ಜನರಿಗೆ ಧರ್ಮವನ್ನು ಕಲಿಸುವುದು ಯಾಜಕನ ಹೊಣೆ. ಆದರೆ ಜನ ತಪ್ಪು ಮಾಡಿದಷ್ಟೂ ಅವನ ತಟ್ಟೆ ತುಂಬುತ್ತದೆ. ಕಲಿಸದೆ ಸುಮ್ಮನಿರುವುದೇ ಅವನಿಗೆ ಲಾಭ.

ಹಾಗಾದರೆ ಹಬ್ಬಗಳೂ ಹೋಮಗಳೂ ದೇವರಿಗೆ ಬೇಡವೆಂದು ಆಮೋಸ ಗುಡುಗಿದ್ದೇಕೆ ಎಂದು ಕೇಳಬಹುದು. ಬಡವರನ್ನು ತುಳಿದ ಕೈಗಳು ಅವನ್ನು ಅರ್ಪಿಸುತ್ತಿದ್ದವು ಎಂಬುದು ಅದೇ ಪುಸ್ತಕದಲ್ಲಿದೆ. ಇನ್ನು ಯೆರೆಮೀಯ ಅನಾತೋತಿನ ಯಾಜಕರ ಮನೆತನದವನು, ಯೆಹೆಜ್ಕೇಲ ಸ್ವತಃ ಯಾಜಕ. ಕುರುಡು, ಕುಂಟು ಪಶುಗಳನ್ನು ವೇದಿಗೆ ತರುತ್ತೀರೆಂದು ಮಲಾಕಿಯ ರೇಗುತ್ತಾನೆ. ಬಲಿಯೇ ಬೇಡವೆನ್ನುವವನಿಗೆ ಪಶುವಿನ ಕಣ್ಣು ಕಾಲುಗಳ ಚಿಂತೆ ಯಾಕೆ?

ಉಳಿದಿರುವುದು ಪ್ರವಾದಿಗಳ ಕಡೆಯ ಮಾತಷ್ಟೆ, ಯಾಜಕರ ವಾದ ನಮಗೆ ಸಿಕ್ಕಿಲ್ಲ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಅದನ್ನು ಒಪ್ಪಲೇಬೇಕು. ಆದರೂ ಕೂಲಿಗಾಗಿ ಬೋಧಿಸುವ ಯಾಜಕರನ್ನು ಹಳಿಯುವ ಮೀಕ, ಅದೇ ಉಸಿರಿನಲ್ಲಿ ಹಣಕ್ಕೆ ಕಣಿ ಹೇಳುವ ಪ್ರವಾದಿಗಳನ್ನೂ ಹಳಿಯುತ್ತಾನೆ. ತನ್ನವರನ್ನು ಕಾಯುವ ಪಕ್ಷಪಾತ ಅಲ್ಲಿಲ್ಲ. ಆಮೋಸನ ಏಳನೇ ಅಧ್ಯಾಯದಲ್ಲಿ ಬೇತೇಲಿನ ಯಾಜಕ ಅಮಚ್ಯನ ಮಾತೂ ದಾಖಲಾಗಿದೆ. ಯೆಹೂದಕ್ಕೆ ಓಡಿಹೋಗಿ ಅಲ್ಲೇ ಪ್ರವಾದನೆ ಮಾಡಿ ಹೊಟ್ಟೆ ಹೊರೆದುಕೋ ಎಂದು ಅವನು ಆಮೋಸನನ್ನು ಅಟ್ಟುತ್ತಾನೆ. ದೇವರ ಮಾತೆಂದರೆ ಹೊಟ್ಟೆಪಾಡು ಎಂದಷ್ಟೇ ಅವನು ಬಲ್ಲ. ತಾನು ದನ ಕಾಯುವವನು, ಅತ್ತಿಹಣ್ಣಿನ ಕೆಲಸದವನು ಎಂದು ಆಮೋಸ ಉತ್ತರಿಸುತ್ತಾನೆ. ಅವನ ಅನ್ನ ಯಾವ ಗುಡಿಯಿಂದಲೂ ಬರುತ್ತಿರಲಿಲ್ಲ. ಬೇತೇಲ್ ಎಂದರೆ ದೇವರ ಮನೆ; ಅದರ ಯಾಜಕ ಅದನ್ನು ಕರೆದದ್ದು ಅರಸನ ಆಲಯವೆಂದು.