ಜೆರಿಕೊನ ಕುದುರೆಗಳು: ಕರಡಿನಲ್ಲೇ ಉಳಿದ ಓಟ

ದೊಡ್ಡ ಚಿತ್ರವೊಂದು ಮುಗಿದ ಮೇಲೆ ಅದರ ಕರಡುಗಳನ್ನು, ಮನೆ ಕಟ್ಟಿ ಮುಗಿದಾಗ ಕಳಚಿಡುವ ಸಾರುವೆಯಂತೆ ಕಾಣುವುದು ವಾಡಿಕೆ. ಫ್ರಾನ್ಸಿನ ರೊಮ್ಯಾಂಟಿಕ್ ಚಿತ್ರಕಾರ ಥಿಯೊಡೋರ್ ಜೆರಿಕೊನ (1791–1824) ಕುದುರೆಗಳ ಮುಂದೆ ಈ ಮಾತು ನಿಲ್ಲುವುದಿಲ್ಲ.

ಕುದುರೆಯ ಚಿತ್ರಗಳಿಗೆ ಹೆಸರಾದ ಕಾರ್ಲ್ ವೆರ್ನೆ ಅವನ ಗುರು. ಆದರೆ ಗುರುವಿನಷ್ಟೇ ಲಾಯವೂ ಅವನಿಗೆ ಕಲಿಸಿತು. ವರ್ಸಾಯ್ ಅರಮನೆಯ ಲಾಯದಲ್ಲಿ ಅವನು ಕುದುರೆಗಳನ್ನು ಎದುರಿಗಿಟ್ಟುಕೊಂಡು ಬರೆದ. ಸಾಲು ಸಾಲು ಕುದುರೆಗಳನ್ನು ಹಿಂದಿನಿಂದ ನೋಡಿ ಬರೆದ ಚಿತ್ರವೂ ಉಂಟು. ಮುಖ ಕಾಣದ ಆ ಕಡೆಯಿಂದಲೂ ಒಂದರಂತೆ ಇನ್ನೊಂದಿಲ್ಲ. ಮೈಬಣ್ಣ, ಬಾಲ, ತೊಡೆಯ ಕಟ್ಟು ಎಲ್ಲವೂ ಬೇರೆ ಬೇರೆ. ಅವನಿಗೆ ಕುದುರೆಯೆಂಬುದು ಒಂದು ಜಾತಿಯಲ್ಲ, ಈ ಕುದುರೆ, ಆ ಕುದುರೆ.

1817ರಲ್ಲಿ ಅವನು ರೋಮಿನ ಕಾರ್ನಿವಲ್ ಹಬ್ಬದ ಓಟವನ್ನು ಕಂಡ. ಸವಾರರಿಲ್ಲದ ಕುದುರೆಗಳು ಪಿಯಾಜಾ ದೆಲ್ ಪೊಪೊಲೊದಿಂದ ಕೊರ್ಸೊ ಬೀದಿಯುದ್ದಕ್ಕೂ ಓಡುತ್ತಿದ್ದವು. ಅವನ ಮನಸ್ಸು ಹಿಡಿದದ್ದು ಓಟಕ್ಕಿಂತ ಓಟದ ಹಿಂದಿನ ಗಳಿಗೆಯನ್ನು: ಬಿಟ್ಟರೆ ಹಾರುವ ಕುದುರೆ, ಬಿಡದೆ ಜಗ್ಗುವ ಆಳು. ಈ ವಸ್ತುವಿನ ಮೇಲೆ ಕರಡಿನ ಮೇಲೆ ಕರಡು ಬರೆದ. ಬಾಲ್ಟಿಮೋರಿನಲ್ಲಿರುವ ಚಿತ್ರದಲ್ಲಿ ಅಂದಿನ ಉಡುಪಿನ ಜನ, ತುಂಬಿದ ಅಟ್ಟಣಿಗೆ, ಹಬ್ಬದ ಗದ್ದಲ ಎಲ್ಲವೂ ಇವೆ. ಪ್ಯಾರಿಸ್ಸಿನ ಲೂವ್ರ್‌ನಲ್ಲಿರುವುದರಲ್ಲಿ ಆ ಬೀದಿ ಮಾಯವಾಗಿದೆ. ಉಳಿದದ್ದು ಪುರಾತನ ಶಿಲ್ಪದಂಥ ಮೈಗಳು, ಗೋಡೆಕಂಬಗಳ ಹಿನ್ನೆಲೆ.

ಇದು ಲಾಭವೋ ನಷ್ಟವೋ? ರಚನೆ ಬಿಗಿಯಾಯಿತು, ನಿಜ. ಆದರೆ ಊರಿನ ಹೆಸರು ಅಳಿಸಿಹೋಯಿತು. ನನ್ನ ಮಟ್ಟಿಗೆ ಎರಡನೆಯದನ್ನು ಕಾಪಾಡಿದ್ದು ಗ್ರೀಕ್ ಮಾದರಿಯಲ್ಲ, ಲಾಯದ ಅಭ್ಯಾಸ. ಜಗ್ಗಿದ ಕತ್ತಿನ ಭಾರ ಕಣ್ಣಾರೆ ಕಂಡವನದು. ಯೋಚಿಸಿದ್ದ ಬೃಹತ್ ಚಿತ್ರವನ್ನು ಅವನು ಬರೆಯಲೇ ಇಲ್ಲ. ಆದ್ದರಿಂದ ಇಲ್ಲಿ ಕರಡೇ ಕೃತಿ.

ಇದಕ್ಕೊಂದು ಎದುರುಮಾತೂ ಉಂಟು. 1821ರಲ್ಲಿ ಇಂಗ್ಲೆಂಡಿನ ಎಪ್ಸಮ್ ಓಟವನ್ನು ಬರೆಯುವಾಗ ಇದೇ ಜೆರಿಕೊ ಕುದುರೆಗಳ ಕಾಲುಗಳನ್ನು ಹಿಂದಕ್ಕೂ ಮುಂದಕ್ಕೂ ಚಾಚಿ ಗಾಳಿಯಲ್ಲಿ ತೇಲಿಸಿದ. ನಾಗಾಲೋಟದಲ್ಲಿ ನಾಲ್ಕೂ ಕಾಲು ನೆಲ ಬಿಡುವುದು ಅವು ಹೊಟ್ಟೆಯಡಿಗೆ ಮಡಚಿದಾಗ ಎಂಬುದನ್ನು 1878ರಲ್ಲಿ ಮೈಬ್ರಿಜ್‌ನ ಛಾಯಾಚಿತ್ರಗಳು ತೋರಿಸಿದವು. ಶಿಲ್ಪಿ ರೋದಾನ್ ಆದರೂ ಜೆರಿಕೊನ ಪಕ್ಷ ಹಿಡಿದ: ಹಲವು ಕ್ಷಣಗಳನ್ನು ಒಂದಾಗಿ ಕಾಣುವ ಕಣ್ಣಿಗೆ ಓಟ ತೋರುವುದು ಹಾಗೆಯೇ ಎಂದು. ಈ ವಾದ ಜಾಣತನದ್ದು, ನನಗೆ ಪೂರ್ತಿ ಒಪ್ಪಿಗೆಯಲ್ಲ. ಎಪ್ಸಮ್ಮಿನಲ್ಲಿ ಅವನು ಇಂಗ್ಲಿಷ್ ಪಂದ್ಯಚಿತ್ರಗಳ ರೂಢಿಯನ್ನು ಎರವಲು ಪಡೆದ. ವೇಗ ಸಿಕ್ಕಿತು, ಒಂದೊಂದು ಕುದುರೆಯ ಗುರುತು ಹೋಯಿತು.

ಕುದುರೆಯಿಂದ ಬಿದ್ದ ಪೆಟ್ಟುಗಳೂ ಸೇರಿ ಹಾಸಿಗೆ ಹಿಡಿದ ಜೆರಿಕೊ 32ನೇ ವಯಸ್ಸಿನಲ್ಲಿ ತೀರಿಕೊಂಡ. ನಮ್ಮಲ್ಲಿ ಹೆಚ್ಚಿನವರು ಈ ಚಿತ್ರಗಳನ್ನು ಪುಸ್ತಕದ ಅಚ್ಚಿನಲ್ಲೇ ನೋಡಬೇಕು. ಅಡ್ಡಿಯಿಲ್ಲ. ರೋಮಿನ ಎರಡು ಕರಡುಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ಎಪ್ಸಮ್ಮನ್ನು ಆಮೇಲೆ ತೆರೆಯಿರಿ. ಎಲ್ಲಿ ಕಂಡು ಬರೆದ, ಎಲ್ಲಿ ಕೇಳಿ ಬರೆದ ಎಂಬುದು ತಾನಾಗಿ ತಿಳಿಯುತ್ತದೆ.