ಶುದ್ಧಪಾಠವೂ ಪುಟವಿನ್ಯಾಸವೂ: ಹಳಗನ್ನಡ ಗ್ರಂಥಸಂಪಾದನೆಯ ಒಂದು ಅಲಕ್ಷಿತ ಮುಖ

1

ಗ್ರಂಥಸಂಪಾದನೆಯನ್ನು ಕುರಿತ ನಮ್ಮ ವಿಶ್ವವಿದ್ಯಾನಿಲಯಗಳ ಬೋಧನೆ ಸಾಮಾನ್ಯವಾಗಿ ಶುದ್ಧಪಾಠದ ನಿರ್ಣಯದೊಂದಿಗೆ ಮುಕ್ತಾಯವಾಗುತ್ತದೆ. ಹಸ್ತಪ್ರತಿಗಳ ಸಂಗ್ರಹ, ಅವುಗಳ ಪರಸ್ಪರ ಸಂಬಂಧ, ಪಾಠಾಂತರಗಳ ತುಲನೆ, ಅಪಪಾಠಗಳ ಪರಿಷ್ಕರಣ ಇವೇ ಅದರ ಮುಖ್ಯ ಅಂಗಗಳು. ಡಿ. ಎಲ್. ನರಸಿಂಹಾಚಾರ್ಯ, ಎಂ. ಎಂ. ಕಲಬುರ್ಗಿ ಮೊದಲಾದ ವಿದ್ವಾಂಸರ ಗ್ರಂಥಗಳಿಂದ ಈ ಶಿಸ್ತನ್ನು ಹಲವು ತಲೆಮಾರುಗಳ ಸಂಶೋಧಕರು ಕಲಿತಿದ್ದಾರೆ. ಆದರೆ ಹೀಗೆ ನಿರ್ಣಯಿಸಿದ ಪಾಠ ಓದುಗರ ಕಣ್ಣಿಗೆ ಯಾವ ರೂಪದಲ್ಲಿ ಕಾಣಬೇಕು, ಮೂಲ ಎಲ್ಲಿ, ವ್ಯಾಖ್ಯಾನ ಎಲ್ಲಿ, ಪಾಠಾಂತರ ಎಲ್ಲಿ ನಿಲ್ಲಬೇಕು ಎಂಬ ಪ್ರಶ್ನೆ ತರಗತಿಯೊಳಗೆ ಬರುವುದು ಅಪರೂಪ. ಅದು ಮುದ್ರಣಾಲಯದ, ಈಚೆಗೆ ಡಿ.ಟಿ.ಪಿ. ಮಾಡುವವರ ಕೆಲಸವೆಂದು ನಾವು ಭಾವಿಸಿದ್ದೇವೆ. ಈ ಭಾವನೆ ಸರಿಯಲ್ಲವೆಂದೂ ಪುಟವಿನ್ಯಾಸವು ಗ್ರಂಥಸಂಪಾದನೆಯದೇ ಕೊನೆಯ ಘಟ್ಟವೆಂದೂ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹೊರನಾಡಿನಲ್ಲಿರುವವರಿಗೆ ಈ ಪ್ರಶ್ನೆ ಹೆಚ್ಚು ತುರ್ತಿನದು. ಹೈದರಾಬಾದಿನಲ್ಲೋ ದೆಹಲಿಯಲ್ಲೋ ಕುಳಿತು ಪಂಪನನ್ನು ಓದುವವರಿಗೆ ಮೈಸೂರಿನ ಓಲೆಪ್ರತಿಗಳನ್ನು ಬೇಕೆಂದಾಗ ನೋಡುವ ಅನುಕೂಲವಿಲ್ಲ. ಅವರು ನೆಚ್ಚಬೇಕಾದದ್ದು ಅಚ್ಚಾದ ಪುಟವನ್ನು, ಇಲ್ಲವೇ ಪರದೆಯ ಮೇಲಿನ ಪುಟವನ್ನು. ಆ ಪುಟ ಮರೆಮಾಡಿದ್ದು ಅವರ ಪಾಲಿಗೆ ಇಲ್ಲದಂತೆಯೇ ಸರಿ.

2

ಮೊದಲಿಗೆ ನಮ್ಮ ಸಮೀಪದ ಒಂದು ನಿದರ್ಶನವನ್ನು ಪರಿಶೀಲಿಸಬಹುದು. ಪಂಪನಿಗೆ ಆಶ್ರಯವಿತ್ತ ಅರಿಕೇಸರಿಯ ವೇಮುಲವಾಡ ಇಂದು ತೆಲಂಗಾಣದಲ್ಲಿದೆ. ಪಂಪನ ತಮ್ಮ ಜಿನವಲ್ಲಭನು ಬರೆಯಿಸಿದ ಕುರ್ಕ್ಯಾಲದ ಶಾಸನ ಕರೀಂನಗರ ಜಿಲ್ಲೆಯ ಗಂಗಾಧರದ ಬಳಿಯ ಬೆಟ್ಟದ ಬಂಡೆಯ ಮೇಲಿದೆ. ಅದರಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರೂ ಭಾಷೆಗಳಿವೆ. ಪಂಪನ ಮನೆತನದ ವಿಚಾರಕ್ಕೆ ಕನ್ನಡದವರಿಗೂ ಅಲ್ಲಿನ ಕಂದಪದ್ಯಗಳ ಪ್ರಾಚೀನತೆಗಾಗಿ ತೆಲುಗಿನವರಿಗೂ ಇದು ಅಮೂಲ್ಯವಾದ ಆಕರ.

ಹತ್ತನೆಯ ಶತಮಾನದಲ್ಲಿ ಕನ್ನಡ ಮತ್ತು ತೆಲುಗು ಲಿಪಿಗಳು ಇಂದಿನಂತೆ ಬೇರ್ಪಟ್ಟಿರಲಿಲ್ಲ. ಬಂಡೆಯ ಮೇಲೆ ಭಾಷೆ ಬದಲಾಗುತ್ತದೆ, ಲಿಪಿ ಬದಲಾಗುವುದಿಲ್ಲ. ಇದೇ ಪಠ್ಯವನ್ನು ಅಚ್ಚು ಮಾಡುವಾಗ ತೆಲುಗು ವಿದ್ವಾಂಸರು ತಮ್ಮ ಲಿಪಿಯನ್ನೂ ನಾವು ನಮ್ಮ ಲಿಪಿಯನ್ನೂ ಬಳಸುವುದು ಸಹಜ. ಗಣಕದಲ್ಲಿ ಈ ಆಯ್ಕೆ ಇನ್ನೂ ಕಟ್ಟುನಿಟ್ಟಾದುದು. ಯೂನಿಕೋಡಿನಲ್ಲಿ ಎರಡು ಲಿಪಿಗಳಿಗೂ ಪ್ರತ್ಯೇಕ ಕೋಷ್ಟಕಗಳಿರುವುದರಿಂದ ಪ್ರತಿಯೊಂದು ಅಕ್ಷರವೂ ‘ಕನ್ನಡ’ ಅಥವಾ ‘ತೆಲುಗು’ ಎಂದು ನಮೂದಾಗಲೇಬೇಕು. ಬಂಡೆಯ ಮೇಲೆ ಒಂದೇ ಆಗಿದ್ದ ಅಕ್ಷರವನ್ನು ಸಂಪಾದಕರು ಎರಡಾಗಿ ಸೀಳಬೇಕಾಗುತ್ತದೆ. ಎಲ್ಲವನ್ನೂ ಒಂದೇ ಲಿಪಿಯಲ್ಲಿ ಕೊಡಬೇಕೆ, ಭಾಷೆಗೊಂದು ಲಿಪಿಯಂತೆ ಕೊಡಬೇಕೆ, ಅಥವಾ ಎರಡು ಅಂಕಣಗಳಲ್ಲಿ ಎರಡು ಲಿಪಿಗಳನ್ನೂ ಕೊಡಬೇಕೆ ಎಂಬ ನಿರ್ಣಯ ಮೇಲ್ನೋಟಕ್ಕೆ ವಿನ್ಯಾಸದ ನಿರ್ಣಯ. ವಾಸ್ತವವಾಗಿ ಅದು ಆ ಕಾಲದ ಭಾಷಾಸನ್ನಿವೇಶವನ್ನು ಕುರಿತ ವಿಮರ್ಶೆಯ ನಿರ್ಣಯ. ಅದನ್ನು ಬೆರಳಚ್ಚು ಮಾಡುವವರಿಗೆ ಬಿಟ್ಟುಕೊಡುವುದು ವಿದ್ವತ್ತಿನ ಹೊಣೆಯನ್ನು ಬಿಟ್ಟುಕೊಟ್ಟಂತೆ.

3

ಓಲೆಯಿಂದ ಅಚ್ಚಿಗೆ ಬಂದಾಗ ಏನಾಯಿತೆಂಬುದನ್ನು ಕೇಶಿರಾಜನ ‘ಶಬ್ದಮಣಿದರ್ಪಣ’ದಿಂದ ಅರಿಯಬಹುದು. ಆ ವ್ಯಾಕರಣದಲ್ಲಿ ಸೂತ್ರ ಕಂದಪದ್ಯದಲ್ಲಿದೆ. ಅದರ ಹಿಂದೆ ಗದ್ಯದ ವೃತ್ತಿ. ಅನಂತರ ಪೂರ್ವಕವಿಗಳ ಪ್ರಯೋಗಗಳು. ಓಲೆಗರಿಯಲ್ಲಿ ಪದಗಳ ನಡುವೆಯೂ ತೆರಪಿರುವುದಿಲ್ಲ; ಲಿಪಿಕಾರನು ಗರಿಯ ತುದಿಯವರೆಗೆ ಬರೆದು ಮುಂದಿನ ಸಾಲಿಗೆ ಹೋಗುತ್ತಾನೆ. ಸೂತ್ರ, ವೃತ್ತಿ, ಪ್ರಯೋಗಗಳನ್ನು ಬೇರ್ಪಡಿಸಿಕೊಳ್ಳುವ ಕೆಲಸ ಓದುಗನ ಶಿಕ್ಷಣಕ್ಕೆ ಸೇರಿದ್ದು. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಅಚ್ಚುಮಾಡಿದ ಬಾಸೆಲ್ ಮಿಷನ್ನಿನ ಕಲ್ಲಚ್ಚು ಒಂದರ್ಥದಲ್ಲಿ ಇದೇ ಕೈಬರಹದ ಮುಂದುವರಿಕೆ. ಅಚ್ಚುಮೊಳೆಯ ಪುಟ ಮಾತ್ರ ಬೇರೆ ಜಾತಿಯದು. ಅಲ್ಲಿ ಅಕ್ಷರದ ಗಾತ್ರ, ಸಾಲಿನ ಆರಂಭ, ಎರಡು ಭಾಗಗಳ ನಡುವಿನ ತೆರಪು ಎಲ್ಲವನ್ನೂ ಯಾರಾದರೂ ಒಬ್ಬರು ತೀರ್ಮಾನಿಸಲೇಬೇಕು. 1872ರಲ್ಲಿ ಕಿಟ್ಟೆಲ್ ಈ ವ್ಯಾಕರಣವನ್ನೂ 1875ರಲ್ಲಿ ನಾಗವರ್ಮನ ಛಂದೋಗ್ರಂಥವನ್ನೂ ಪ್ರಕಟಿಸಿದಾಗ ಎದುರಿಸಿದ್ದು ಪಾಠದ ಸಮಸ್ಯೆಯನ್ನಷ್ಟೇ ಅಲ್ಲ, ಇಂಥ ತೀರ್ಮಾನಗಳನ್ನೂ ಕೂಡ.

ಕಂದಪದ್ಯದ ಮಟ್ಟಿಗೆ ಇದರ ಪರಿಣಾಮ ಸ್ಪಷ್ಟವಾಗಿದೆ. ಕಂದದ ಪಾದಗಳಲ್ಲಿ ಕ್ರಮವಾಗಿ 12, 20, 12, 20 ಮಾತ್ರೆಗಳು. ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ಪ್ರಾಸ. ನಾಲ್ಕು ಪಾದಗಳನ್ನು ನಾಲ್ಕು ಸಾಲುಗಳಾಗಿ ಎಡಗಡೆ ಒಂದೇ ನೇರಕ್ಕೆ ನಿಲ್ಲಿಸಿದರೆ ಕಿವಿಗೆ ಕೇಳುತ್ತಿದ್ದ ಪ್ರಾಸ ಕಣ್ಣಿಗೂ ಕಾಣುತ್ತದೆ, ಗಿಡ್ಡ ಪಾದ ಉದ್ದ ಪಾದಗಳ ಏರಿಳಿತ ಬಲಗಡೆ ತೋರುತ್ತದೆ. ಆದರೆ ಹಳಗನ್ನಡದಲ್ಲಿ ಪಾದದ ಕೊನೆಯಲ್ಲಿ ಪದ ಮುಗಿಯಲೇಬೇಕೆಂಬ ನಿಯಮವಿಲ್ಲ. ಒಂದು ಪದ ಮುಂದಿನ ಪಾದಕ್ಕೆ ಹರಿದಾಗ ಸಂಪಾದಕರು ನಡುವೆ ಅಡ್ಡಗೆರೆಯಿಟ್ಟು ಒಡೆಯುತ್ತಾರೆ. ಅಚ್ಚಿನ ಪುಟದಲ್ಲಿ ಇದು ನಿರಪಾಯಕರ. ಅದೇ ಪಠ್ಯವನ್ನು ಹಾಗೆಯೇ ಜಾಲತಾಣಕ್ಕೆ ಏರಿಸಿದರೆ ಒಡೆದ ಪದ ಶೋಧಕ್ಕೆ ಸಿಗುವುದಿಲ್ಲ. ಮೊಬೈಲಿನ ಕಿರಿದಾದ ಪರದೆಯ ಮೇಲೆ 20, 21, 22 ಅಕ್ಷರಗಳ ಪಾದವುಳ್ಳ ಉತ್ಪಲಮಾಲೆ, ಚಂಪಕಮಾಲೆ, ಮಹಾಸ್ರಗ್ಧರೆಗಳು ಎಲ್ಲೆಂದರಲ್ಲಿ ಮುರಿದು, ಪ್ರಾಸಾಕ್ಷರ ಯಾವುದೆಂದೇ ತಿಳಿಯದಾಗುತ್ತದೆ. ಮುರಿದು ಬಂದ ತುಂಡನ್ನು ಒಳಕ್ಕೆ ಸರಿಸಿ ನಿಲ್ಲಿಸಿದರೆ ಪಾದದ ಆರಂಭ ಉಳಿಯುತ್ತದೆ. ಇದು ಅತ್ಯಂತ ಸುಲಭವಾದ ಉಪಾಯ. ಆದರೆ ಹಾಗೆ ಮಾಡಬೇಕೆಂದು ತಿಳಿಯಲು ಛಂದಸ್ಸು ಗೊತ್ತಿರಬೇಕು. ಛಂದಸ್ಸು ಬಲ್ಲವರು ವಿನ್ಯಾಸದ ಮೇಜಿನ ಬಳಿ ಇರುವುದಿಲ್ಲವೆಂಬುದೇ ನಮ್ಮ ದೂರು.

ವಚನಗಳ ವಿಷಯದಲ್ಲಿ ಸಮಸ್ಯೆ ಇನ್ನೂ ಸೂಕ್ಷ್ಮವಾದುದು. ಇಂದು ನಾವು ಸಾಲುಸಾಲಾಗಿ ಕಾಣುವ ವಚನ ಓಲೆಯಲ್ಲಿ ಹಾಗಿರಲಿಲ್ಲ. ಸಾಲುಗಳ ವಿಭಜನೆ ಆಧುನಿಕ ಸಂಪಾದಕರದು. ವಚನವನ್ನು ಗದ್ಯವೆಂದು ಗ್ರಹಿಸಿದವರು ಅದನ್ನು ಒಂದೇ ಪರಿಚ್ಛೇದವಾಗಿ ಅಚ್ಚಿಸಬಹುದು, ಪದ್ಯವೆಂದು ಗ್ರಹಿಸಿದವರು ಒಡೆದು ಅಚ್ಚಿಸಬಹುದು. ಒಡೆದ ರೂಪವನ್ನೇ ಕಂಡು ಬೆಳೆದ ವಿಮರ್ಶಕರು ‘ವಚನದ ಸಾಲುಗಳ ಲಯ’ವನ್ನು ಕುರಿತು ಬರೆಯುವಾಗ ಯಾರ ಲಯವನ್ನು ವಿವೇಚಿಸುತ್ತಿದ್ದಾರೆ? ಶರಣರದನ್ನೋ, ಸಂಪಾದಕರದನ್ನೋ? ಪುಟವಿನ್ಯಾಸ ಇಲ್ಲಿ ಪ್ರಕಾರನಿರ್ಣಯವನ್ನೇ ಮಾಡಿಬಿಟ್ಟಿದೆ.

4

ಅಕ್ಷರದ ಮಟ್ಟಕ್ಕೆ ಇಳಿದರೆ ಅಪಾಯ ಇನ್ನೂ ಸಮೀಪದ್ದಾಗಿದೆ. ಕೇಶಿರಾಜನು ರೞ, ಕುಳ, ಕ್ಷಳಗಳೆಂದು ಳಕಾರದ ಭೇದಗಳನ್ನು ಎಚ್ಚರಿಕೆಯಿಂದ ನಿರೂಪಿಸಿದ್ದಾನೆ. ಬಾೞ್ ಎಂದರೆ ಬದುಕು, ಬಾಳ್ ಎಂದರೆ ಖಡ್ಗ; ಅಱಿ ಎಂದರೆ ತಿಳಿ, ಅರಿ ಎಂದರೆ ಕತ್ತರಿಸು. ಯುದ್ಧವರ್ಣನೆಗಳಿಂದ ತುಂಬಿದ ‘ವಿಕ್ರಮಾರ್ಜುನ ವಿಜಯ’ದಂಥ ಕಾವ್ಯದಲ್ಲಿ ಈ ಭೇದ ಅಳಿಸಿದರೆ ಅರ್ಥವೇ ತಲೆಕೆಳಗಾದೀತು.

1990ರ ದಶಕದಲ್ಲಿ ಗಣಕದ ಅಕ್ಷರಜೋಡಣೆ ವ್ಯಾಪಕವಾದಾಗ ಒಂದೊಂದು ಸಂಸ್ಥೆಯ ಫಾಂಟಿಗೂ ಒಂದೊಂದು ಸಂಕೇತವಿತ್ತು. ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದರಿಂದ ಫಾಂಟ್ ಇಲ್ಲದ ಗಣಕದಲ್ಲಿ ಕಡತ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತಿತ್ತು. ಅಂಥ ವ್ಯವಸ್ಥೆಯಲ್ಲಿ ೞ, ಱಗಳಿಗೆ ಜಾಗ ದೊರೆಯುವುದು ಫಾಂಟ್ ತಯಾರಿಸಿದವರ ಔದಾರ್ಯವನ್ನು ಅವಲಂಬಿಸಿತ್ತು. ಈ ಬಗ್ಗೆ ನಮ್ಮದೇ ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳುವುದು ಉಚಿತ. ನಮ್ಮ ಮಾರ್ಗದರ್ಶನದಲ್ಲಿ ಸಿದ್ಧವಾದ ಒಂದು ಪದಸೂಚಿಯನ್ನು ಹಳೆಯ ಸಂಕೇತದಿಂದ ಯೂನಿಕೋಡಿಗೆ ಪರಿವರ್ತಿಸಿದಾಗ ೞಕಾರಗಳೆಲ್ಲ ಳಕಾರಗಳಾದವು. ಕರಡಚ್ಚನ್ನು ತಿದ್ದುವಾಗ ನಾವು ಪದಗಳ ಪುಟಸಂಖ್ಯೆಗಳನ್ನು ಒಂದೊಂದಾಗಿ ತಾಳೆ ನೋಡಿದೆವು, ಅಕ್ಷರಗಳನ್ನು ನೋಡಲಿಲ್ಲ. ಬದುಕೂ ಖಡ್ಗವೂ ಒಂದೇ ನಮೂದಿನ ಕೆಳಗೆ ಸೇರಿಹೋದದ್ದು ಪ್ರತಿಗಳು ಹಂಚಿಹೋದ ಮೇಲೆ ಗೊತ್ತಾಯಿತು. ಅದನ್ನು ನೆಚ್ಚಿ ಬೇರೊಬ್ಬರು ಬರೆಯಬಹುದಾದ ಪ್ರಬಂಧದ ತಪ್ಪಿಗೂ ನಾವೇ ಹೊಣೆ.

ಯೂನಿಕೋಡ್ ಈ ಸಮಸ್ಯೆಯನ್ನು ಬಹುಮಟ್ಟಿಗೆ ನಿವಾರಿಸಿದೆ, ಪೂರ್ತಿಯಾಗಿ ಅಲ್ಲ. 1991ರ ಮೊದಲ ಆವೃತ್ತಿಯಿಂದಲೇ ಅದರಲ್ಲಿ ಕನ್ನಡವಿದೆ. ಆದರೆ ೞಕಾರ ಅಲ್ಲಿ ‘ಫಕಾರ’ವೆಂಬ ತಪ್ಪು ಹೆಸರಿನಿಂದ ದಾಖಲಾಯಿತು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ಸರಿಯಾದ ಹೆಸರನ್ನು ಪರ್ಯಾಯವಾಗಿ ಸೇರಿಸಬೇಕಾಯಿತು. ಅದರ ಸ್ಥಾನವೂ ಳಕಾರದ ಬಳಿಯಲ್ಲಿಲ್ಲ, ವರ್ಣಮಾಲೆಯೆಲ್ಲ ಮುಗಿದ ಮೇಲೆ ಇದೆ. ಸಂಕೇತದ ಕ್ರಮದಲ್ಲೇ ಪದಗಳನ್ನು ಜೋಡಿಸಿದರೆ ೞಕಾರಾದಿ ಭೇದಗಳು ನಿಘಂಟಿನಲ್ಲಿ ಎಲ್ಲೋ ದೂರ ಹೋಗಿ ಬೀಳುತ್ತವೆ.

ಹೈದರಾಬಾದಿನ ಸಂಶೋಧಕರಿಗೆ ಇದರಲ್ಲಿ ಇನ್ನೊಂದು ತೊಡಕಿದೆ. ಕನ್ನಡ ತೆಲುಗು ಕೋಷ್ಟಕಗಳು ಒಂದೇ ಅಚ್ಚಿನಲ್ಲಿ ಹೊಯ್ದಂತಿವೆ. ಸಮಾನಾಕ್ಷರಗಳ ನಡುವೆ ಸರಿಯಾಗಿ 128 ಸ್ಥಾನಗಳ ಅಂತರ. ಆದ್ದರಿಂದ ತೆಲುಗು ಲಿಪಿಯ ಪ್ರತಿಯಿಂದ ನಮೂದಿಸಿದ ಕನ್ನಡ ಕಾವ್ಯವನ್ನು ಕನ್ನಡ ಲಿಪಿಗೆ ತರುವುದು ಹೆಚ್ಚು ಕಡಿಮೆ ಒಂದು ಕೂಡುವ ಲೆಕ್ಕ. ಱಕಾರದ ಮಟ್ಟಿಗೆ ಈ ಲೆಕ್ಕ ಸರಿಹೋಗುತ್ತದೆ. ತೆಲುಗಿನ ೞಕಾರ 2014ರಲ್ಲಿ ಸೇರ್ಪಡೆಯಾದಾಗ ಅದಕ್ಕೆ ಳಕಾರದ ಪಕ್ಕದ ಉಚಿತ ಸ್ಥಾನ ದೊರೆಯಿತು. ಕನ್ನಡದಲ್ಲಿ ಅದಕ್ಕೆ ಹೊಂದುವ ಸ್ಥಾನ ಬರಿದಾಗಿದೆ. ಹೀಗಾಗಿ ಯಾಂತ್ರಿಕವಾದ ಪರಿವರ್ತನೆ ಹಳಗನ್ನಡಕ್ಕೆ ಅತ್ಯಗತ್ಯವಾದ ಅಕ್ಷರದಲ್ಲಿಯೇ ಎಡವುತ್ತದೆ. ಎರಡೂ ಭಾಷೆಗಳನ್ನು ಬಲ್ಲ ಈ ನಗರದ ವಿದ್ವಾಂಸರು ಗಮನಿಸದಿದ್ದರೆ ಇದನ್ನು ಗಮನಿಸುವವರು ವಿರಳ.

5

ಜಾಲದ ಮೇಲಿನ ಹಳೆಯ ಗ್ರಂಥಗಳು ಸ್ಥೂಲವಾಗಿ ಎರಡು ಬಗೆಯವು. ಮೊದಲನೆಯವು ಪುಟಗಳ ಚಿತ್ರಗಳು. ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’ ಯೋಜನೆಯಲ್ಲಿ ಹೈದರಾಬಾದಿನ ಐ.ಐ.ಐ.ಟಿ. ಒಂದು ಪ್ರಮುಖ ಕೇಂದ್ರವಾಗಿತ್ತು. ಆ ತಾಣ ಈಗ ಮೊದಲಿನ ರೂಪದಲ್ಲಿಲ್ಲವಾದರೂ ಅದರ ಗ್ರಂಥಗಳು ಬೇರೆ ಕಡೆ ದೊರೆಯುತ್ತವೆ. ಚಿತ್ರರೂಪದಲ್ಲಿ ಸಂಪಾದಕರ ವಿನ್ಯಾಸ ಉಳಿಯುತ್ತದೆ, ಅಡಿಟಿಪ್ಪಣಿ ಅಡಿಯಲ್ಲೇ ಇರುತ್ತದೆ. ಆದರೆ ಚಿತ್ರದೊಳಗಿನ ಪದವನ್ನು ನೇರವಾಗಿ ಹುಡುಕಲಾಗದು. ಎರಡನೆಯವು ಪಠ್ಯರೂಪದವು. ಕರ್ನಾಟಕ ಸರ್ಕಾರ 15 ಸಂಪುಟಗಳಲ್ಲಿ ಹೊರತಂದ ‘ಸಮಗ್ರ ವಚನ ಸಂಪುಟ’ದ ತರುವಾಯ ರೂಪುಗೊಂಡ ‘ವಚನ ಸಂಚಯ’ ತಾಣದಲ್ಲಿ 20,000ಕ್ಕೂ ಹೆಚ್ಚು ವಚನಗಳಿವೆ. ಒಂದು ಪದ ಯಾವ ವಚನಕಾರರಲ್ಲಿ ಎಷ್ಟು ಸಲ ಬಂದಿದೆಯೆಂಬುದನ್ನು ಕ್ಷಣದಲ್ಲಿ ತಿಳಿಯಬಹುದು. ಹಿಂದೆ ಒಬ್ಬ ಸಂಶೋಧಕರ ವರ್ಷಗಳನ್ನು ನುಂಗುತ್ತಿದ್ದ ಕೆಲಸವಿದು. ಹೊರನಾಡಿನ ನಮಗೆ ಇದರ ಉಪಕಾರ ಸಣ್ಣದಲ್ಲ.

ಆದರೂ ಪಠ್ಯರೂಪದ ಪ್ರಕಟಣೆಗೆ ಒಂದು ಸಹಜವಾದ ಮಿತಿಯಿದೆ. ಅಚ್ಚಿನ ಪುಟಕ್ಕೆ ಅಡಿ ಎಂಬುದಿತ್ತು, ಜಾಲಪುಟಕ್ಕೆ ಅಡಿಯಿಲ್ಲ. ಪಾಠಾಂತರಗಳನ್ನು ಎಲ್ಲಿಡಬೇಕೆಂದು ಯೋಚಿಸದೆ ಏರಿಸಿದ ಗ್ರಂಥದಲ್ಲಿ ಅವು ಮೊದಲು ಕೊನೆಗೆ ಸರಿಯುತ್ತವೆ, ಆಮೇಲೆ ಕಾಣೆಯಾಗುತ್ತವೆ. ಸಂಪಾದಕರು ‘ಬಹುಶಃ ಹೀಗೆ’ ಎಂದು ಒಪ್ಪಿಕೊಂಡ ಪಾಠ ಓದುಗರಿಗೆ ‘ಹೀಗೆಯೇ’ ಎಂದು ತಲುಪುತ್ತದೆ. ಸಂದೇಹವನ್ನು ಕಳೆದುಕೊಂಡ ಪಾಠ ಶುದ್ಧಪಾಠವಲ್ಲ.

ಇದಕ್ಕೆ ಪರಿಹಾರ ಇಲ್ಲದಿಲ್ಲ. 1987ರಲ್ಲಿ ಆರಂಭವಾದ ‘ಟೆಕ್ಸ್ಟ್ ಎನ್‌ಕೋಡಿಂಗ್ ಇನಿಷಿಯೇಟಿವ್’ ಎಂಬ ಅಂತಾರಾಷ್ಟ್ರೀಯ ಯೋಜನೆಯ ಸೂತ್ರಗಳಲ್ಲಿ ಸ್ವೀಕೃತ ಪಾಠ, ಪಾಠಾಂತರ, ಅದಿರುವ ಪ್ರತಿ ಇವುಗಳನ್ನು ಪ್ರತ್ಯೇಕವಾಗಿ ಗುರುತಿಸುವ ಕ್ರಮವಿದೆ. ಒಮ್ಮೆ ಹೀಗೆ ಗುರುತಿಸಿದರೆ ಅದೇ ಕಡತದಿಂದ ಅಚ್ಚಿಗೆ ಅಡಿಟಿಪ್ಪಣಿಯನ್ನೂ ಪರದೆಗೆ ಬೆರಳಿಟ್ಟರೆ ತೆರೆಯುವ ಟಿಪ್ಪಣಿಯನ್ನೂ ಪಡೆಯಬಹುದು. ಪಾದದ ಕೊನೆಯಲ್ಲಿ ಒಡೆದ ಪದವನ್ನು ಇಡೀ ಪದವಾಗಿಯೂ ಗುರುತಿಸಿಟ್ಟರೆ ಛಂದಸ್ಸೂ ಉಳಿಯುತ್ತದೆ, ಶೋಧವೂ ಸಾಧ್ಯವಾಗುತ್ತದೆ.

6

ವಿನ್ಯಾಸ ಒಂದು ಪ್ರತ್ಯೇಕ ವೃತ್ತಿ, ಅದನ್ನು ಸಾಹಿತ್ಯದ ವಿದ್ಯಾರ್ಥಿಗಳ ಮೇಲೆ ಹೇರಬಾರದೆಂದು ಕೆಲವರು ಆಕ್ಷೇಪಿಸಬಹುದು. ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ಒತ್ತಕ್ಷರಗಳು ಕೆಳಗಿನ ಸಾಲಿನ ಗುಡಿಸುಗಳಿಗೆ ತಾಗದಂತೆ ಸಾಲಿನ ಅಂತರವನ್ನು ಹೊಂದಿಸುವುದು, ಅಂಚುಗಳ ಪ್ರಮಾಣವನ್ನು ನಿರ್ಧರಿಸುವುದು ಅನುಭವಿಗಳ ಕೆಲಸ. ನಗರದಾಚೆಯ ಕಂದಿಯಲ್ಲಿರುವ ಐ.ಐ.ಟಿ.ಯಲ್ಲಿ ವಿನ್ಯಾಸದ ವಿಭಾಗವೇ ಇದೆ. ಅಂಥವರ ನೆರವನ್ನು ನಾವು ಕೋರಬೇಕು. ಆದರೆ ಯಾವುದು ಮೂಲ, ಯಾವುದು ಸಂಪಾದಕರ ಮಾತು, ಯಾವುದು ಸಂದೇಹ ಎಂಬುದನ್ನು ವಿನ್ಯಾಸಕಾರರಿಗೆ ಹೇಳಬೇಕಾದವರು ನಾವೇ.

ಆದ್ದರಿಂದ ಹೊರನಾಡಿನ ಕನ್ನಡ ಪೀಠಗಳು ಗ್ರಂಥಸಂಪಾದನೆಯ ಪತ್ರಿಕೆಗೆ ಒಂದು ಪ್ರಾಯೋಗಿಕ ಭಾಗವನ್ನು ಸೇರಿಸುವುದು ಯುಕ್ತವೆಂದು ನಮ್ಮ ಅಭಿಪ್ರಾಯ. ವಿದ್ಯಾರ್ಥಿಯು ಒಂದು ಓಲೆಗರಿಯನ್ನು ಓದಿ ನಕಲು ಮಾಡಲಿ. ಅದರ ಒಂದು ಕಂದಪದ್ಯವನ್ನು ವೃತ್ತಿ, ಪಾಠಾಂತರಗಳ ಸಹಿತ ಅಚ್ಚಿನ ಪುಟವಾಗಿ ಜೋಡಿಸಲಿ. ಅದನ್ನೇ ಪರದೆಗೆ ಅಳವಡಿಸಿ, ೞಕಾರವಿರುವ ಪದ ಶೋಧಕ್ಕೆ ಸಿಗುತ್ತದೆಯೇ ಎಂದು ಪರೀಕ್ಷಿಸಲಿ. ಮೂರನ್ನೂ ಪಕ್ಕಪಕ್ಕದಲ್ಲಿಟ್ಟು, ಎಲ್ಲಿ ಏನು ಕಳೆಯಿತು, ಏನು ಸೇರಿತು ಎಂಬುದನ್ನು ಒಂದು ಪುಟದಲ್ಲಿ ಬರೆಯಲಿ. ಒಂದು ಷಣ್ಮಾಸಕ್ಕೆ ಇಷ್ಟು ಸಾಕು.

ಲಿಪಿಕಾರರು ಗ್ರಂಥದ ಕೊನೆಯಲ್ಲಿ ತಮ್ಮ ಕೈತಪ್ಪುಗಳಿಗೆ ಕ್ಷಮೆ ಬೇಡಿ, ತಿದ್ದಿ ಓದಬೇಕೆಂದು ವಿನಂತಿಸುವ ಸಂಪ್ರದಾಯವಿತ್ತು. ಓದುವವರಿಗೂ ತಿದ್ದುವ ಅಧಿಕಾರವಿದೆಯೆಂಬ ನಂಬಿಕೆ ಅದರ ಹಿಂದಿತ್ತು. ತಿದ್ದಲು ಬೇಕಾದ ಆಧಾರವನ್ನು ಓದುವವರ ಕಣ್ಣೆದುರಿಗೇ ಇಡುವ ಪುಟ ಅಚ್ಚಿನದಾಗಲಿ ಪರದೆಯದಾಗಲಿ ಆ ನಂಬಿಕೆಗೆ ನಿಷ್ಠವಾಗಿರುತ್ತದೆ.